94 ದಿನದ ಬೀಗ

ಮೊನ್ನೆ ಒಂದು ಮೀಟಿಂಗಿನಲ್ಲಿ ನನ್ನ ದಡ್ಡತನವನ್ನು ದೊಡ್ಡ ಪರದೆಯ ಮೇಲೆ, ಹಸಿರು ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ ತೋರಿಸಿದರು. "ಕೀ ಒಡೆಯಲು ಬೇಕಾಗುವ ಸಮಯ: 94 ದಿನ. ಅಪಾಯ: ಕಡಿಮೆ." ಸುತ್ತ ಕೂತಿದ್ದವರೆಲ್ಲ ತಲೆಯಾಡಿಸಿದರು. ಒಬ್ಬರು "ನೈಸ್" ಅಂದರು. ಆ 94 ಎಲ್ಲಿಂದ ಬಂತು ಅಂತ ಆ ಕಾಲ್‌ನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅದು ಬಂದದ್ದು ಅರಸೀಕೆರೆಯ ನಮ್ಮ ಮನೆಯ ಅಟ್ಟದ ಕೆಳಗಿನ ಕೋಣೆಯಿಂದ. ತೆಂಗಿನ ನಾರಿನ ಧೂಳು ಕುಡಿದು ಏದುಸಿರು ಬಿಡುತ್ತಿದ್ದ ಒಂದು ಹಳೇ ಡೆಸ್ಕ್‌ಟಾಪಿನಿಂದ. ಆ ಸಂಖ್ಯೆಗೂ ನಮ್ಮ ಬೀಗದ ಗಟ್ಟಿತನಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಕಥೆ ಇಷ್ಟು. ನಾನು ಕೆಲಸ ಮಾಡುವ ಕಂಪನಿ (ಹೆಸರು ಬೇಡ ಬಿಡಿ) ಗೋಡೆಗೆ ಜಡಿಯುವ ಒಂದು ಪುಟ್ಟ ಡಬ್ಬಿ ತಯಾರಿಸುತ್ತೆ. ಡಬ್ಬಿಯೊಳಗಿನ ಸಾಫ್ಟ್‌ವೇರ್ ಬದಲಾಯಿಸಬೇಕಾದರೆ ಹೊಸದಕ್ಕೆ ಕಂಪನಿಯ ಡಿಜಿಟಲ್ ಸಹಿ ಇರಬೇಕು, ಇಲ್ಲದಿದ್ದರೆ ಡಬ್ಬಿ ಒಪ್ಪಲ್ಲ. ಆ ಸಹಿಯ ಕೀ ಆರ್‌ಎಸ್‌ಎ, 512 ಬಿಟ್. ಯಾವ ಕಾಲದಲ್ಲೋ ಯಾರೋ ಮಾಡಿಟ್ಟು ಹೋದದ್ದು. ಅದರ ಬಹಿರಂಗ ಭಾಗ ಅಂದರೆ 155 ಅಂಕಿಯ ಒಂದು ಸಂಖ್ಯೆ, ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಆ ಎರಡನ್ನು ಬಿಡಿಸಿಬಿಟ್ಟರೆ ನಮ್ಮ ಸಹಿಯನ್ನು ಯಾರು ಬೇಕಾದರೂ ಹಾಕಬಹುದು. ಇದನ್ನು ಬದಲಾಯಿಸಿ ಅಂತ ಎರಡು ವರ್ಷದಿಂದ ಬಡ್ಕೊಂತಾ ಇದ್ದೆ. ಕೊನೆಗೆ ಮ್ಯಾನೇಜರ್ ಸಾಹೇಬರು, "ಸರಿ, ಒಡೆದು ತೋರಿಸು ಹಾಗಾದ್ರೆ" ಅಂದರು. ಲಿಖಿತ ಅನುಮತಿಯನ್ನೂ ಕೊಟ್ಟರು, ಅಷ್ಟು ಮಾತ್ರ ಹೇಳಲೇಬೇಕು. ಖರ್ಚಿಗೆ ದುಡ್ಡು ಕೊಡಲಿಲ್ಲ.

ಅಪ್ಪನ ಕಣ್ಣಿನ ಆಪರೇಷನ್ ಅಂತ ಊರಿಗೆ ಬಂದಿದ್ದೆ. ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇತ್ತು: ನಾಲ್ಕು ಕೋರ್, ಎಂಟು ಥ್ರೆಡ್, 16 ಜಿಬಿ ಮೆಮೊರಿ, ಎಸ್‌ಎಸ್‌ಡಿ ಇಲ್ಲ, ತಿರುಗುವ ಹಾರ್ಡ್‌ಡಿಸ್ಕು. ಕಾಡೋ-ಎನ್‌ಎಫ್‌ಎಸ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದೆ, ಸಂಖ್ಯೆ ಕೊಟ್ಟೆ, ಎಂಟರ್ ಒತ್ತಿದೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಓಡಿಹೋಗಬೇಡಿ, ನಮ್ಮ ಊರ ಕಡೆಯ ಸಂಖ್ಯೆಗಳಲ್ಲೇ ಹೇಳ್ತೀನಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಸಾಮಾನ್ಯವಾಗಿ ಹೇಳುವ ವರ್ಷ 1121. ಇದರಲ್ಲಿ 1117 ಅವಿಭಾಜ್ಯ, ಅದನ್ನು ಏನು ಮಾಡಿದರೂ ಒಡೆಯಕ್ಕಾಗಲ್ಲ. 1121 ಒಡೆಯುತ್ತೆ. ಹೇಗೆ? 34ರ ವರ್ಗದಲ್ಲಿ 1121 ಕಳೆದರೆ 35 ಉಳಿಯುತ್ತೆ, ಅಂದರೆ 5×7. 41ರ ವರ್ಗದಲ್ಲಿ ಕಳೆದರೆ 560, ಅಂದರೆ 2×2×2×2×5×7. ಎರಡೂ ಪುಟ್ಟ ಪುಟ್ಟ ಅವಿಭಾಜ್ಯಗಳಿಂದಲೇ ಆದವು. ಒಂದೊಂದೇ ನೋಡಿದರೆ ಪ್ರಯೋಜನವಿಲ್ಲ. ಗುಣಿಸಿದರೆ 19600, ಸರಿಯಾಗಿ 140ರ ವರ್ಗ. ಇತ್ತ 34×41 ಅಂದರೆ 1394, ಅದರಲ್ಲಿ 1121 ಕಳೆದರೆ 273. ಈಗ 273ರಲ್ಲಿ 140 ಕಳೆಯಿರಿ: 133. 133ಕ್ಕೂ 1121ಕ್ಕೂ ಇರುವ ಮಹತ್ತಮ ಸಾಮಾನ್ಯ ಅಪವರ್ತನ 19. ಮುಗೀತು, 1121 = 19×59. ಸಣ್ಣ ಸಂಖ್ಯೆಗೆ ಇಷ್ಟು ಸುತ್ತು ಬೇಕಿಲ್ಲ, ನೇರವಾಗಿ ಭಾಗಿಸಿ ನೋಡಬಹುದು. ಆದರೆ 155 ಅಂಕಿಗೆ ಇದೇ ದಾರಿ, ಇದರ ದೊಡ್ಡಪ್ಪ ಅನ್ನಿ. 35, 560 ಥರದ, ಸಣ್ಣ ಅವಿಭಾಜ್ಯಗಳಿಗೇ ಒಡೆಯುವ ಸಂಖ್ಯೆಗಳನ್ನು ಕೋಟಿಗಟ್ಟಲೆ ಕೂಡಿಹಾಕಬೇಕು. ಹೀಗೆ ಸಿಕ್ಕ ಒಂದೊಂದಕ್ಕೂ 'ರಿಲೇಷನ್' ಅನ್ನುತ್ತಾರೆ. ಇವನ್ನು ಹುಡುಕುವ ಕೆಲಸವೇ ಸೀವಿಂಗ್. ಜರಡಿ ಹಿಡಿಯೋದು.

ಜರಡಿಯ ಜಾಣತನ ಏನು ಅಂದರೆ, ಇಲ್ಲಿ ಯಾರೂ ಭಾಗಾಕಾರ ಮಾಡಲ್ಲ. 7 ಒಂದು ಕಡೆ ಭಾಗಿಸುತ್ತೆ ಅಂತ ಗೊತ್ತಾದರೆ ಅಲ್ಲಿಂದ ಏಳು ಏಳು ಮನೆ ಮುಂದಕ್ಕೂ ಅದು ಭಾಗಿಸುತ್ತೆ. ಹಾಗಾಗಿ ಮೆಮೊರಿಯಲ್ಲಿ ಉದ್ದಕ್ಕೆ ಮನೆ ಮಾಡಿಕೊಂಡು, ಪ್ರತಿ ಅವಿಭಾಜ್ಯಕ್ಕೂ ಅದರ ಹೆಜ್ಜೆಯಲ್ಲಿ ಜಿಗಿಯುತ್ತಾ ಆಯಾ ಮನೆಗೆ ಒಂದು ಸಣ್ಣ ಅಂಕಿ ಕೂಡಿಸುತ್ತಾ ಹೋಗುವುದು. ಕೊನೆಗೆ ಯಾವ ಮನೆ ಸಾಕಷ್ಟು ತುಂಬಿದೆಯೋ ಅದನ್ನು ಎತ್ತಿಕೊಳ್ಳುವುದು. ಅಂದರೆ ಇದು ಲೆಕ್ಕದ ಕೆಲಸ ಅನ್ನಿಸಿದರೂ ನಿಜವಾಗಿ ಮೆಮೊರಿಯ ಕೆಲಸ. ಪ್ರೊಸೆಸರಿನ ಪಕ್ಕದಲ್ಲೇ ಇರುವ ಎಲ್-1 ಕ್ಯಾಶ್ ಎಷ್ಟೋ ಪ್ರೊಸೆಸರುಗಳಲ್ಲಿ ಬರೀ 32 ಕೆಬಿ. ಅಲ್ಲಿಂದ ಒಂದು ಮನೆ ತರುವುದಕ್ಕೆ ನಾಲ್ಕೈದು ಸೈಕಲ್. ಮುಖ್ಯ ಮೆಮೊರಿಗೆ ಹೋದರೆ ಇನ್ನೂರು ಚಿಲ್ಲರೆ. ಮೆಮೊರಿ ತುಂಬಿ ಹಾರ್ಡ್‌ಡಿಸ್ಕಿಗೆ ಹೋದರೆ ಕೋಟಿ ಲೆಕ್ಕ. ಶಿಲ್ಪಿಗೆ ಉಳಿ ಕೈಯಲ್ಲೇ ಇರುವುದಕ್ಕೂ, ಒಂದೊಂದು ಏಟಿಗೂ ಹಳೇಬೀಡಿನಿಂದ 16 ಕಿಲೋಮೀಟರ್ ನಡೆದು ಬೇಲೂರಿಂದ ಉಳಿ ತರುವುದಕ್ಕೂ ಇರುವ ವ್ಯತ್ಯಾಸ ಅದು.

ಮೊದಲ ದಿನ ಸಾಫ್ಟ್‌ವೇರ್ ತೋರಿಸಿದ ಅಂದಾಜು: 52 ದಿನ. ನನಗೆ ಕಸಿವಿಸಿ. ಆಗ ನಾನು ಏನು ಮಾಡಿದೆ ಗೊತ್ತೇ? ನಾವೆಲ್ಲ ಆಫೀಸಿನಲ್ಲಿ ದಿನಾ ಮಾಡುವುದನ್ನೇ ಮಾಡಿದೆ. ನಿಧಾನ ಇದೆಯಾ, ಇನ್ನೊಂದಿಷ್ಟು ಸೇರಿಸು. ನಾಲ್ಕು ಕ್ಲೈಂಟ್ ಓಡ್ತಾ ಇತ್ತು, ಎಂಟು ಮಾಡಿದೆ. ಜರಡಿಯ ವಿಸ್ತಾರ ನಿರ್ಧರಿಸುವ 'ಐ' ಅಂತ ಒಂದು ಅಳತೆ ಇದೆ, ಅದನ್ನೂ ಒಂದು ಏರಿಸಿದೆ. ದೊಡ್ಡದಾದರೆ ಒಳ್ಳೇದು ತಾನೆ? ರಾತ್ರಿ ಮಲಗಿ ಬೆಳಿಗ್ಗೆ ಎದ್ದು ನೋಡಿದರೆ 94 ದಿನ. ಅವತ್ತೇ ಮ್ಯಾನೇಜರ್ "ಸ್ಟೇಟಸ್ ಏನು?" ಅಂತ ಕೇಳಿದರು. ನಾನು ಸ್ಕ್ರೀನ್‌ಶಾಟ್ ಕಳಿಸಿದೆ. ನನ್ನ ತಪ್ಪು ಅದು. ಪಕ್ಕದಲ್ಲಿ ಒಂದು ಸಾಲು ವಿವರಣೆ ಬರೆದಿದ್ದೆ, ಆದರೆ ಸ್ಕ್ರೀನ್‌ಶಾಟ್ ಪಕ್ಕದ ವಿವರಣೆಯನ್ನು ಯಾರು ಓದ್ತಾರೆ?

ಸಹೋದ್ಯೋಗಿಗಳ ಗ್ರೂಪಿನಲ್ಲಿ ರೋಗನಿರ್ಣಯ ಶುರುವಾಯಿತು. "ಗುರು, ನಿಮ್ಮೂರಲ್ಲಿ ಕರೆಂಟೇ ಇರಲ್ಲ, ಬೆಂಗಳೂರಿಗೆ ಬಂದು ರನ್ ಮಾಡು." "ಅರಸೀಕೆರೆ ಅಂದ್ರೆ ರೈಲು ಬದಲಾಯಿಸೋ ಸ್ಟೇಷನ್ ಅಲ್ವಾ, ಅಲ್ಲೂ ಕಂಪ್ಯೂಟರ್ ಇದ್ಯಾ?" ಒಬ್ಬ ಮಹಾಶಯ, "ಶಕುಂತಲಾ ದೇವಿ ಇದ್ದಿದ್ರೆ ಮನಸ್ಸಲ್ಲೇ ಮಾಡಿಬಿಡ್ತಿದ್ರು" ಅಂದ. ಇಲ್ಲ ಮಾರಾಯ, ಮಾಡ್ತಿರಲಿಲ್ಲ. ಅವರು 1977ರಲ್ಲಿ ಡಲ್ಲಾಸಿನಲ್ಲಿ 201 ಅಂಕಿಯ ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದ್ದು ನಿಜ, ಅದ್ಭುತವೂ ನಿಜ. ಆದರೆ ಅಲ್ಲಿ ಉತ್ತರ ಇರುವುದು ಒಂಬತ್ತೇ ಅಂಕಿ, ಸಂಖ್ಯೆಯ ತಲೆ ಬಾಲ ನೋಡಿದರೆ ಸುಳಿವು ಸಿಗುತ್ತೆ. ಅಪವರ್ತನದಲ್ಲಿ ಅಂಥ ಸುಳಿವೇ ಇಲ್ಲ. ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಎರಡೂ ಒಂದೇ ಥರದ ಕಷ್ಟ ಅಲ್ಲ.

ಕರೆಂಟಿನ ವಿಷಯಕ್ಕೆ ಬರೋಣ, ಇದು ನನಗೆ ಸಿಟ್ಟು ತರಿಸುವ ವಿಷಯ. ಕರೆಂಟ್ ಹೋಗುತ್ತೆ, ಒಪ್ಪಿದೆ. ಯುಪಿಎಸ್ ಇದೆ, ಕೆಲವು ಸಲ ಅದೂ ಕೈಕೊಡುತ್ತೆ. ಆದರೆ ಈ ಕೆಲಸ ಸಣ್ಣ ಸಣ್ಣ ತುಂಡುಗಳಾಗಿ ನಡೆಯುತ್ತೆ. ಮುಗಿದ ತುಂಡು ಡಿಸ್ಕಿಗೆ ಬರೆದಾಗಿರುತ್ತೆ. ಮಷೀನ್ ಆರಿದರೆ ನಷ್ಟವಾಗುವುದು ಆಗ ನಡೆಯುತ್ತಿದ್ದ ತುಂಡು ಮಾತ್ರ. ನಾನು ಲಾಗ್ ತೆಗೆದು ಕೂಡಿಸಿದೆ: ಆ ವಾರ ಕರೆಂಟಿನಿಂದ ಕಳೆದುಕೊಂಡದ್ದು ಮೂರು ಗಂಟೆಗೂ ಕಮ್ಮಿ. 94 ದಿನಕ್ಕೆ ಅರಸೀಕೆರೆ ಕಾರಣ ಅಲ್ಲ. ಆದರೆ ಲಾಗ್ ತೆಗೆದು ನೋಡುವುದಕ್ಕಿಂತ ಊರನ್ನು ಬಯ್ಯುವುದು ಸುಲಭ. ನೀವು ಮಾಡಿದ ಆ್ಯಪ್ ತೆವಳಿದಾಗ "ಯೂಸರ್ ನೆಟ್‌ವರ್ಕ್ ಸರಿಯಿಲ್ಲ" ಅಂತ ಟಿಕೆಟ್ ಮುಚ್ಚುತ್ತೀರಲ್ಲ, ಅದೇ ಕಾಯಿಲೆ. ಯೂಸರ್ ಬಾಣಾವರದಲ್ಲಿದ್ದರಂತೂ ಕೇಳುವುದೇ ಬೇಡ.

ಕ್ಲೂ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅವ್ವ ರಾಗಿ ಹಿಟ್ಟು ಜರಡಿ ಹಿಡೀತಾ ಇದ್ದಳು. ಸಹಾಯ ಮಾಡ್ತೀನಿ ಅಂತ ಡಬ್ಬದಿಂದ ಹಿಟ್ಟು ಸುರಿಯಕ್ಕೆ ಹೋದೆ. "ಅಷ್ಟೊಂದು ಸುರೀಬ್ಯಾಡ ಕಣೋ, ಆಡಕ್ಕೆ ಜಾಗ ಬ್ಯಾಡ್ವಾ?" ಅಂದಳು. ಅವಳು ಕಂಪ್ಯೂಟರಿನ ಬಗ್ಗೆ ಏನೂ ಹೇಳಲಿಲ್ಲ, ನಾನೂ ಅದನ್ನು ದೊಡ್ಡ ಜ್ಞಾನೋದಯ ಅಂತ ಹೇಳಲ್ಲ. ಆದರೆ ಕೋಣೆಗೆ ವಾಪಸ್ ಬಂದವನು ಮೊದಲ ಬಾರಿಗೆ, ಎಷ್ಟು ಪ್ರೊಸೆಸರ್ ಓಡ್ತಿದೆ ಅನ್ನೋದನ್ನು ಬಿಟ್ಟು, ಗಂಟೆಗೆ ಎಷ್ಟು ರಿಲೇಷನ್ ಬರ್ತಿದೆ ಅಂತ ಬರೆದುಕೊಳ್ಳಲು ಶುರುಮಾಡಿದೆ. ಎಂಟು ಕ್ಲೈಂಟಿಗೆ ಬರ್ತಿದ್ದದ್ದು ನಾಲ್ಕಕ್ಕೆ ಬರ್ತಿದ್ದದ್ದರ ಹತ್ತಿರ ಹತ್ತಿರ ಅರ್ಧ!

ಆಮೇಲೆ ವಿಎಂಸ್ಟ್ಯಾಟ್ ಹಾಕಿ ನೋಡಿದೆ. ಡಿಸ್ಕಿಗೂ ಮೆಮೊರಿಗೂ ನಡುವೆ ಓಡಾಟ ತೋರಿಸುವ ಎರಡು ಕಾಲಂ ಇರುತ್ತೆ. ಆರೋಗ್ಯವಾಗಿರುವ ಮಷೀನಿನಲ್ಲಿ ಅಲ್ಲಿ ಸೊನ್ನೆ ಇರಬೇಕು. ನನ್ನದರಲ್ಲಿ ಸಾವಿರಗಟ್ಟಲೆ. ಲೋಡ್ ಅಂತ ನೋಡಿದರೆ ಮಷೀನ್ ಬೆವರು ಸುರಿಸಿ ದುಡೀತಿರೋ ಹಾಗೆ ಕಾಣುತ್ತೆ, ನಿಜವಾಗಿ ಪ್ರೊಸೆಸರ್ ಬಹುಪಾಲು ಹೊತ್ತು ಡಿಸ್ಕಿನ ದಾರಿ ಕಾಯ್ತಾ ಸುಮ್ಮನೆ ಕೂತಿದೆ. (ಇಂಥ ಸಹೋದ್ಯೋಗಿಗಳು ನಿಮಗೂ ಗೊತ್ತಿರಬೇಕು.) ಕಾರಣ ಸರಳ: ಒಂದೊಂದು ಕ್ಲೈಂಟೂ ಅವಿಭಾಜ್ಯಗಳ ಪೂರ್ತಿ ಪಟ್ಟಿಯನ್ನು ತನ್ನದೇ ಒಂದು ಪ್ರತಿಯಾಗಿ ಇಟ್ಟುಕೊಳ್ಳುತ್ತೆ. ಅದರ ಮೇಲೆ ಜರಡಿಯ ಜಾಗ. 'ಐ' ಒಂದು ಏರಿಸಿದರೆ ಜರಡಿಯ ಕ್ಷೇತ್ರ ಎರಡಲ್ಲ, ನಾಲ್ಕು ಪಟ್ಟಾಗುತ್ತೆ, ಯಾಕಂದರೆ ಅಗಲವೂ ಎತ್ತರವೂ ಎರಡೂ ದುಪ್ಪಟ್ಟಾಗುತ್ತವೆ. 16 ಜಿಬಿಯಲ್ಲಿ ಎಂಟು ಜನ ಹೆಗಲಿಗೆ ಹೆಗಲು ತಾಗಿಸಿಕೊಂಡು ಕೂತಿದ್ದರು, ಯಾರಿಗೂ ಕೈ ಆಡಿಸಲು ಜಾಗವಿಲ್ಲ.

ಎಂಟನ್ನು ಕೊಂದು ಒಂದೇ ಕ್ಲೈಂಟ್ ಇಟ್ಟೆ. ಅದಕ್ಕೆ ಎಂಟು ಥ್ರೆಡ್. ಎಲ್ಲರಿಗೂ ಸೇರಿ ಪಟ್ಟಿ ಒಂದೇ. 'ಐ' ಮೊದಲಿದ್ದಲ್ಲಿಗೇ ಇಳಿಸಿದೆ. ಅಷ್ಟರಲ್ಲಿ ಕೂಡಿದ್ದ ರಿಲೇಷನ್‌ಗಳೇನೂ ಹಾಳಾಗಲ್ಲ, ಬಹುಪದ ಅದೇ ಇದ್ದರೆ ಸಾಕು. ಒಂದು ಗಂಟೆಯಲ್ಲಿ ಅಂದಾಜು 94ರಿಂದ 23ಕ್ಕೆ ಇಳಿಯಿತು. ಒಂದು ರೂಪಾಯಿ ಖರ್ಚಿಲ್ಲ.

ಆದರೂ ಏನೋ ಸರಿಯಿಲ್ಲ. ಶುರುಮಾಡಿದ ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸೋಲುತ್ತಿತ್ತು. ಇದು ಬಿಸಿಯ ಲಕ್ಷಣ. ತಾಪಮಾನ ನೋಡಿದರೆ 98 ಡಿಗ್ರಿ. ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ವೇಗವನ್ನು ಮೂರರಲ್ಲೊಂದು ಪಾಲಿಗೆ ಇಳಿಸಿಕೊಂಡಿತ್ತು. ಡಬ್ಬಿ ಬಿಚ್ಚಿದೆ. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡ್ತಾರೆ, ಆಮೇಲೆ ಸುಲೀತಾರೆ. ಆ ನಾರಿನ ಧೂಳು ಕೆಂಪಗೆ, ನುಣ್ಣಗೆ, ಎಲ್ಲಿಗೆ ಬೇಕಾದರೂ ಇಳಿಯುತ್ತೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಅದು ಕಂಬಳಿ ಹಾಸಿದ ಹಾಗೆ ಕೂತಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷು, ಸೈಕಲ್ ಪಂಪು, ಹೊಸ ಥರ್ಮಲ್ ಪೇಸ್ಟು. ಪೇಸ್ಟು ಸಿಕ್ಕಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ. ಆ ಹುಡುಗ ನಾನು ಹೇಳಿದ್ದನ್ನು ಕೇಳಿ, "ಮೊದ್ಲು ಬಿಸಿ ನೋಡ್ಬೇಕಿತ್ತು ಅಣ್ಣಾ" ಅಂದ. ನಿಜ, ನೋಡಬೇಕಿತ್ತು. ಕಂಪ್ಯೂಟರ್ ಸೈನ್ಸ್ ಡಿಗ್ರಿ ನನ್ನದು. ಮೆಮೊರಿ ಕಾರ್ಡು ಒಂದೇ ಸ್ಲಾಟಿನಲ್ಲಿತ್ತು. ಅವನ ಹತ್ತಿರವೇ ಒಂದು ಹಳೇ ಜೋಡಿ ಕಾರ್ಡು ತಗೊಂಡು ಎರಡು ಚಾನೆಲ್ ಮಾಡಿದೆ. ಅಂದಾಜು: 8 ದಿನ 13 ಗಂಟೆ.

ಅದೇ ಸಂಖ್ಯೆ. ಅದೇ ಮಷೀನು. ಅದೇ ಊರು, ಅದೇ ಕರೆಂಟು.

ಈಗ ಆ ಹಸಿರು ಸ್ಲೈಡಿಗೆ ಬರ್ತೀನಿ. ನಾನು ಹೊಸ ಅಂದಾಜು ಕಳಿಸುವ ಹೊತ್ತಿಗೆ 94 ದಿನ ಅನ್ನೋದು ಮೂರು ಮೀಟಿಂಗ್ ದಾಟಿತ್ತು. ಮೊದಲನೆಯದರಲ್ಲಿ "ಪ್ರಾಥಮಿಕ ಅಂದಾಜು" ಅಂತ ಇತ್ತಂತೆ. ಎರಡನೆಯದರಲ್ಲಿ "ಪ್ರಾಥಮಿಕ" ಬಿದ್ದುಹೋಯಿತು, ಮೂರನೆಯದರಲ್ಲಿ "ಅಂದಾಜು" ಕೂಡ. ನನ್ನ ಮಷೀನಿನ ಧೂಳು, ನನ್ನ ತಪ್ಪು ಸೆಟ್ಟಿಂಗು, ಅಪ್ಪನ ಕೊಬ್ಬರಿ, ಎಲ್ಲ ಸೇರಿ ಕಂಪನಿಯ ಭದ್ರತೆಯ ಅಳತೆಯಾಗಿ ಕೂತುಬಿಟ್ಟಿತು. ಫ್ಯಾನಿಗೆ ಇನ್ನೊಂದಿಷ್ಟು ನಾರು ಸಿಕ್ಕಿಕೊಂಡಿದ್ದರೆ ನಮ್ಮ ಗ್ರಾಹಕರು ಇನ್ನೂ ಸುರಕ್ಷಿತ ಆಗ್ತಿದ್ದರು!

ಇದು ನಮ್ಮ ಕಂಪನಿಯ ಹೊಸ ಆವಿಷ್ಕಾರ ಅಂದುಕೊಳ್ಳಬೇಡಿ. ಈ ಕಾಯಿಲೆಗೆ ಒಳ್ಳೇ ವಂಶಾವಳಿ ಇದೆ. 1977ರ ಆಗಸ್ಟಿನಲ್ಲಿ, ಅಂದರೆ ಶಕುಂತಲಾ ದೇವಿ ಡಲ್ಲಾಸಿನಲ್ಲಿ ಲೆಕ್ಕ ಹೇಳಿದ ಅದೇ ವರ್ಷ, ಮಾರ್ಟಿನ್ ಗಾರ್ಡ್‌ನರ್ ಸೈಂಟಿಫಿಕ್ ಅಮೆರಿಕನ್‌ನ ತಮ್ಮ ಅಂಕಣದಲ್ಲಿ ಆರ್‌ಎಸ್‌ಎ ಬಗ್ಗೆ ಬರೆದರು. 129 ಅಂಕಿಯ ಒಂದು ಸಂಖ್ಯೆ ಕೊಟ್ಟು, ಒಡೆದವರಿಗೆ 100 ಡಾಲರ್ ಬಹುಮಾನ ಅಂತ ಹೇಳಿದ್ದೂ ಅಲ್ಲೇ. ಅದನ್ನು ಒಡೆಯಲು ಬೇಕಾಗುವ ಕಾಲ ಅಂತ ಆಗ ಹೇಳಿದ್ದು 40 ಕ್ವಾಡ್ರಿಲಿಯನ್ ವರ್ಷ, ಅಂದರೆ ನಾಲ್ಕರ ಮುಂದೆ ಹದಿನಾರು ಸೊನ್ನೆ. ಒಡೆದದ್ದು 1994ರ ಏಪ್ರಿಲಿನಲ್ಲಿ. ಹದಿನೇಳು ವರ್ಷ. ಇಪ್ಪತ್ತಕ್ಕೂ ಹೆಚ್ಚು ದೇಶಗಳ ಸುಮಾರು 600 ಜನ ತಮ್ಮ ಬಿಡುವಿನ ಕಂಪ್ಯೂಟರುಗಳನ್ನು ಕೊಟ್ಟರು, ಜರಡಿ ಹಿಡಿಯಲು ಎಂಟು ತಿಂಗಳು ಹಿಡಿಯಿತು. 1977ರ ಅಂದಾಜು ಹಾಕಿದವರು ದಡ್ಡರಲ್ಲ, ಆರ್‌ಎಸ್‌ಎ ಕಂಡುಹಿಡಿದವರೇ. ಆದರೆ ಅವರು ಅಳೆದದ್ದು ಅವತ್ತು ಗೊತ್ತಿದ್ದ ವಿಧಾನವನ್ನು. ಕಾರ್ಲ್ ಪೋಮರೆನ್ಸ್ ಕ್ವಾಡ್ರಾಟಿಕ್ ಸೀವ್ ಹುಡುಕಿದ್ದು 1981ರಲ್ಲಿ. 129 ಅಂಕಿಗೆ ಬಳಸಿದ್ದು ಅದರ ಸುಧಾರಿಸಿದ ರೂಪವನ್ನೇ. ಸಂಖ್ಯೆ ಮೆತ್ತಗಾಗಲಿಲ್ಲ, ಜರಡಿ ಚುರುಕಾಯಿತು.

512 ಬಿಟ್ಟಿನ ಕಥೆಯಂತೂ ಇನ್ನೂ ನಾಚಿಕೆಗೇಡು. ಇಂಥ ಸಂಖ್ಯೆಯನ್ನು ಮೊದಲು ಬಹಿರಂಗವಾಗಿ ಒಡೆದದ್ದು 1999ರ ಆಗಸ್ಟಿನಲ್ಲಿ, ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯ ಮುಂದಾಳತ್ವದಲ್ಲಿ, ಸುಮಾರು 300 ಕಂಪ್ಯೂಟರುಗಳಿಂದ. 2009ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-83 ಪ್ಲಸ್ ಕ್ಯಾಲ್ಕುಲೇಟರಿಗೆ ಸಹಿ ಹಾಕುವ 512 ಬಿಟ್ ಕೀಯನ್ನು ಒಬ್ಬ ಹವ್ಯಾಸಿ, ಎರಡು ಕೋರಿನ ಒಂದೇ ಕಂಪ್ಯೂಟರಿನಲ್ಲಿ, 73 ದಿನದಲ್ಲಿ ಬಿಡಿಸಿದ. ಗಮನಿಸಿ, ಕ್ಯಾಲ್ಕುಲೇಟರಿಗೆ! ಅದರಲ್ಲಿ ಕದಿಯೋದಕ್ಕೆ ಏನೂ ಇಲ್ಲ, ಆದರೂ ಒಬ್ಬ 73 ದಿನ ತಾಳ್ಮೆಯಿಂದ ಕಾದ. 2015ರಲ್ಲಿ ಸಂಶೋಧಕರು ಅಮೆಜಾನಿನ ಬಾಡಿಗೆ ಕಂಪ್ಯೂಟರುಗಳಲ್ಲಿ ನಾಲ್ಕು ಗಂಟೆಗೆ, 75 ಡಾಲರಿಗೆ ಮಾಡಿ ತೋರಿಸಿದರು. 2025ರ ಜನವರಿಯಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಎಂಟು ವರ್ಚುವಲ್ ಕೋರಿನ ಒಂದು ಬಾಡಿಗೆ ಸರ್ವರ್, 86 ಗಂಟೆ, ಎಂಟು ಡಾಲರಿಗೂ ಕಮ್ಮಿ. ಅದೇ ಕಾಡೋ-ಎನ್‌ಎಫ್‌ಎಸ್. ಎಂಟು ಡಾಲರ್ ಅಂದರೆ ನಾವು ನಾಲ್ಕು ಜನ ಬೇಲೂರಿಗೆ ಹೋಗಿ ದೇವಸ್ಥಾನ ನೋಡಿ, ಮಸಾಲೆ ದೋಸೆ ತಿಂದು ಬರುವ ದುಡ್ಡು. ನಮ್ಮ ಡಬ್ಬಿಗಳು ಗೋಡೆ ಮೇಲೆ ಹತ್ತು ವರ್ಷ ಕೂತಿರುತ್ತವೆ. ಹಾಗಿರುವಾಗ 94 ದಿನ ಅನ್ನೋದು ನಿಜವೇ ಆಗಿದ್ದರೂ ಅದರ ಮುಂದೆ "ಅಪಾಯ: ಕಡಿಮೆ" ಅಂತ ಬರೆದವರ ತಲೆಯಲ್ಲಿ ಯಾವ ಲೆಕ್ಕ ಓಡುತ್ತಿತ್ತು?

"ಮ್ಯಾನೇಜ್‌ಮೆಂಟಿಗೆ ಒಂದು ನಂಬರ್ ಬೇಕಾಗುತ್ತೆ ಕಣೋ, ನಿನ್ನ ಧೂಳಿನ ಕಥೆ ಕೇಳಲು ಅವರಿಗೆ ಟೈಮಿಲ್ಲ" ಅಂತ ಗೆಳೆಯನೊಬ್ಬ ಹೇಳಿದ. ಅವನು ಒಳ್ಳೆಯವನು, ಅವನ ಮಾತಿನಲ್ಲಿ ಅರ್ಧ ನಿಜ ಇದೆ. ನಂಬರ್ ಕೊಡಿ, ಬೇಡ ಅನ್ನಲ್ಲ. ಆದರೆ ಜರಡಿಯ ಅಂದಾಜು ಸಂಖ್ಯೆಯ ಗುಣ ಅಲ್ಲ. ಅದು ಒಂದು ಮಷೀನು, ಒಂದು ಸೆಟ್ಟಿಂಗು, ಒಬ್ಬ ಮನುಷ್ಯ, ಒಂದು ದಿನ, ಇಷ್ಟರ ಗುಣ. ಅದೂ ನೇರವಾಗಿ ಹೋಗಲ್ಲ. ಎಲ್ಲ ಸರಿಯಿದ್ದಾಗಲೂ ಕೆಲಸ ಮುಂದೆ ಹೋದಂತೆ ಜರಡಿಗೆ ಸಿಗುವ ರಿಲೇಷನ್ ಕಮ್ಮಿಯಾಗುತ್ತಾ ಹೋಗುತ್ತೆ, ಒಮ್ಮೆ ಸಿಕ್ಕಿದ್ದೇ ಮತ್ತೆ ಮತ್ತೆ ಸಿಗುತ್ತೆ. ಅಂದರೆ ಯಾವ ನಿಧಾನ ಸಹಜ, ಯಾವ ನಿಧಾನ ಕಾಯಿಲೆ ಅಂತ ಬಿಡಿಸಿ ಹೇಳುವವನು ಬೇಕು. ಅವನನ್ನು ಕೇಳದೆ ನಂಬರ್ ಮಾತ್ರ ಎತ್ತಿಕೊಂಡು ಹೋಗುವುದು, ಜ್ವರ ಬಂದವನ ನಾಡಿ ಹಿಡಿದು ಗಡಿಯಾರ ಸರಿಮಾಡಿದ ಹಾಗೆ.

ಕೆಲಸ ಓಡುತ್ತಿದ್ದ ಆ ಎಂಟು ದಿನದಲ್ಲಿ ಒಂದು ಭಾನುವಾರ ಬೇಲೂರಿಗೆ ಹೋಗಿದ್ದೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಹೊಯ್ಸಳರ ಬಗ್ಗೆ ವಾಟ್ಸಾಪಿನಲ್ಲಿ ಬರುವ ಹೆಮ್ಮೆ ಹೆಚ್ಚಾಗಿದೆ: ನಮ್ಮವರಿಗೆ ಆ ಕಾಲದಲ್ಲೇ ಕಂಪ್ಯೂಟರ್ ಗೊತ್ತಿತ್ತು, ಲೇಸರ್ ಗೊತ್ತಿತ್ತು ಅಂತೆಲ್ಲ. ನನಗೆ ಅಲ್ಲಿ ಹಿಡಿಸುವುದು ಬೇರೆ. ಅಲ್ಲಿನ ಶಿಲ್ಪಿಗಳು ಮೂರ್ತಿಯ ಕೆಳಗೆ ಹೆಸರು ಕೆತ್ತಿ ಹೋಗಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಊರಿನ ಹೆಸರೂ ಇದೆ, ಬಿರುದೂ ಇದೆ. ಕಲ್ಲಿನಲ್ಲಿ ಮೂಗು ಸೊಟ್ಟಗಾಗಿದ್ದರೆ ಒಂಬೈನೂರು ವರ್ಷವಾದ ಮೇಲೂ ಯಾರನ್ನು ಬಯ್ಯಬೇಕು ಅಂತ ಗೊತ್ತು. ಹೊಯ್ಸಳರ ಕಾಲದ ಆಸುಪಾಸಿನಲ್ಲೇ ರಾಜಾದಿತ್ಯ ವ್ಯವಹಾರದ ಲೆಕ್ಕವನ್ನು ಕನ್ನಡದಲ್ಲಿ ಬರೆದ, ಅದಕ್ಕೂ ಅವನ ಹೆಸರಿದೆ. ನಮ್ಮ 94 ದಿನದ ಸ್ಲೈಡಿಗೆ ಮಾತ್ರ ಅಪ್ಪ ಅಮ್ಮ ಯಾರೂ ಇಲ್ಲ.

ಒಂಬತ್ತನೇ ದಿನ ಜರಡಿ ಮುಗಿಯಿತು. ಆಮೇಲಿನ ಮ್ಯಾಟ್ರಿಕ್ಸ್ ಕೆಲಸಕ್ಕೆ ಇನ್ನೊಂದು ದಿನ ಚಿಲ್ಲರೆ. ರಾತ್ರಿ ಹನ್ನೊಂದಕ್ಕೆ ಯಾವುದೋ ರೈಲು ಸ್ಟೇಷನ್ನಿನಲ್ಲಿ ಸಿಳ್ಳೆ ಹಾಕುವಾಗ ಪರದೆಯ ಮೇಲೆ ಎರಡು ಉದ್ದನೆಯ ಸಂಖ್ಯೆ ಬಂದು ಕೂತವು. ಗುಣಿಸಿ ನೋಡಿದೆ, ಸರಿಯಿತ್ತು. ಒಂದು ಖಾಲಿ ಫೈಲಿಗೆ ಕಂಪನಿಯ ಸಹಿ ಹಾಕಿದೆ. ಟೇಬಲ್ ಮೇಲಿದ್ದ ಡಬ್ಬಿ ಹಸಿರು ದೀಪ ತೋರಿಸಿ ಒಪ್ಪಿಕೊಂಡಿತು. ಅವ್ವ ಬಾಗಿಲಲ್ಲಿ ಇಣುಕಿ, "ಆಯ್ತೇನೋ? ಇನ್ನಾದ್ರೂ ಆ ಫ್ಯಾನ್ ಸದ್ದು ನಿಲ್ಸು" ಅಂದಳು.

ಬೆಳಿಗ್ಗೆ ಹೊಸ ಸ್ಲೈಡ್ ಮಾಡಿದೆ. ಮೇಲೆ ಎರಡು ಅಪವರ್ತನಗಳ ಮೊದಲ ಹತ್ತು ಹತ್ತು ಅಂಕಿ. ಕೆಳಗೆ: ಒಡೆಯಲು ಹಿಡಿದದ್ದು ಹತ್ತು ದಿನ, ಮಷೀನು ಇದು, ಮೆಮೊರಿ ಇಷ್ಟು, ಥ್ರೆಡ್ ಇಷ್ಟು, ಜಾಗ ಅರಸೀಕೆರೆ, ದಿನಾಂಕ ಇದು. ಮೊದಲು 94 ಅಂತ ಬಂದದ್ದಕ್ಕೆ ಕಾರಣ ಮೂರು ಸಾಲಿನಲ್ಲಿ. ಕೊನೆಗೆ ನನ್ನ ಹೆಸರು. ಮ್ಯಾನೇಜರ್ ಸಾಹೇಬರು ಮಧ್ಯಾಹ್ನ ವಾಪಸ್ ಕಳಿಸಿದರು. ಕೀ ಬದಲಾಯಿಸುವ ಕೆಲಸ ಮುಂದಿನ ತ್ರೈಮಾಸಿಕಕ್ಕೆ ಹಾಕಿದ್ದಾರಂತೆ, ಅಷ್ಟಾದರೂ ಆಯಿತು. ಹತ್ತು ದಿನ ಅನ್ನೋ ನಂಬರ್ ಉಳಿಸಿಕೊಂಡು ಮಿಕ್ಕಿದ್ದೆಲ್ಲ ತೆಗೆದಿದ್ದರು. ಹೆಸರು, ಜಾಗ, ಮಷೀನು ಹಾಕಲು ಟೆಂಪ್ಲೇಟಿನಲ್ಲಿ ಕಾಲಂ ಇಲ್ಲವಂತೆ.